ದಿಡ್ಡಿ ಬಾಗಿಲಿನ ದಾರಿ

ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ನಾನು ಮೊದಲು ಹತ್ತಿದ್ದು ದೊಡ್ಡಪ್ಪನವರ ಕೈ ಹಿಡಿದು. ಕೋಟೆಯ ದಿಡ್ಡಿ ಬಾಗಿಲಿನ ಬಳಿ ನಿಂತು, "ಹೆಬ್ಬಾಗಿಲು ಮುಚ್ಚಿದ್ರೂ ಗುರುತಿನವರಿಗೆ ದಿಡ್ಡಿ ತೆರೀತಾರೆ, ಮಗು" ಎಂದಿದ್ದರು. ಇಂದು ಪಾವಗಡದ ಮನೆಯ ಜಗಲಿಯಲ್ಲಿ ಕುಳಿತ ಅವರ ಅದೇ ಕೈ ನಡುಗುತ್ತದೆ. ವೈದ್ಯರು ಅದನ್ನು ಪಾರ್ಕಿನ್ಸನ್ ರೋಗವೆಂದರು; ನಮ್ಮ ಹಿರಿಯರ ಮಾತಿನಲ್ಲಿ ಕಂಪವಾತ.

"ಬೆಳಗಿನ ಗುಳಿಗೆ ಹಿಡಿಯುತ್ತೆ, ಮಧ್ಯಾಹ್ನದ್ದು ಹಿಡಿಯೋದೇ ಇಲ್ಲ ಕಣಪ್ಪ" ಎಂಬುದು ಅವರ ದೂರು. ಇದರ ಕಾರಣವನ್ನು ಹುಡುಕಹೊರಟ ನನಗೆ ಮಿದುಳೂ ಒಂದು ಕೋಟೆಯೆಂಬುದು ತಿಳಿಯಿತು.

1885ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿದಾಗ ಇತರ ಅಂಗಗಳು ಬಣ್ಣ ತಳೆದವು. ಮಿದುಳು ಮಾತ್ರ ಬಿಳಿದಾಗಿಯೇ ಉಳಿಯಿತು. 1913ರಲ್ಲಿ ಅವರ ಶಿಷ್ಯ ಗೋಲ್ಡ್‌ಮನ್, ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿರುವ ದ್ರವಕ್ಕೆ ಬಣ್ಣ ಹಾಕಿದರು. ಆಗ ಮಿದುಳು ಬಣ್ಣ ಹಿಡಿಯಿತು! ತಡೆಯಿದ್ದದ್ದು ರಕ್ತಕ್ಕೂ ಮಿದುಳಿಗೂ ನಡುವೆ. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಜೀವಕೋಶಗಳು ಸಂದಿಲ್ಲದಂತೆ ಬೆಸೆದುಕೊಂಡು ಈ ಗೋಡೆಯಾಗಿವೆ. ಆ ದ್ರವವಾದರೂ ರಕ್ತದಿಂದ ಸುಮ್ಮನೆ ಸೋರಿ ಬಂದುದಲ್ಲ. ಮಿದುಳಿನ ಒಳಗುಳಿಗಳಲ್ಲಿರುವ ರಕ್ತನಾಳಗಳ ಗೊಂಚಲುಗಳು ಬೇಕಾದುದನ್ನು ಆಯ್ದು ಸ್ರವಿಸಿದ್ದು. ಒಂದು ಹೊತ್ತಿನಲ್ಲಿ ಇರುವುದು ಸುಮಾರು 150 ಮಿಲಿಲೀಟರ್. ದಿನಕ್ಕೆ ಹುಟ್ಟುವುದು ಸುಮಾರು 500. ಹಳೆಯದು ಒಂದಿಷ್ಟು ಕಸವನ್ನು ಹೊತ್ತು ರಕ್ತಕ್ಕೆ ಮರಳುತ್ತದೆ.

ಕಂಪವಾತದಲ್ಲಿ ಮಿದುಳಿಗೆ ಕೊರತೆಯಾಗುವುದು ಡೋಪಮೀನ್ ಎಂಬ ವಸ್ತು. ಅದನ್ನೇ ರಕ್ತಕ್ಕೆ ಕೊಟ್ಟರೆ ಗೋಡೆ ದಾಟದು. ಅದರ ಮೂಲದ್ರವ್ಯವಾದ ಎಲ್-ಡೋಪಾ ದಾಟುತ್ತದೆ. ಅದು ಅಮೈನೋ ಆಮ್ಲಗಳ ಕುಲದ್ದು. ಆ ಕುಲಕ್ಕೆಂದೇ ಗೋಡೆಯಲ್ಲಿ ದಿಡ್ಡಿಗಳಿವೆ. ಒಳಹೊಕ್ಕ ಮೇಲೆ ಅದೇ ಡೋಪಮೀನ್ ಆಗುತ್ತದೆ. ದಾರಿಯಲ್ಲೇ ಹಾಗೆ ಮಾರ್ಪಡದಂತೆ ಕಾಯಲು ಗುಳಿಗೆಯಲ್ಲಿ ಕಾರ್ಬಿಡೋಪಾ ಎಂಬ ಜೊತೆಗಾರನನ್ನೂ ಸೇರಿಸುತ್ತಾರೆ; ಆತ ಮಾತ್ರ ಕೋಟೆಯ ಹೊರಗೇ ಉಳಿಯುತ್ತಾನೆ.

ಈ ಎಲ್-ಡೋಪಾ ನಮಗೆ ಪರಕೀಯವೂ ಅಲ್ಲ. ಕೊರಟಗೆರೆಯ ಸಿದ್ಧರಬೆಟ್ಟ ಮೂಲಿಕೆಗಳಿಗೆ ಹೆಸರಾದುದು. ಮೂಲಿಕೆ ಬಲ್ಲವರಿಗೆ, ಮೈಗೆ ತಾಗಿದರೆ ತುರಿಸುವ ನಸುಗುನ್ನಿ ಕಾಯಿಯ ಪರಿಚಯವುಂಟು. ಅದರ ಬೀಜದಲ್ಲಿ ಈ ವಸ್ತುವಿರುವುದನ್ನು 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಪ್ರಕಟಿಸಿದರು. ಅದರಿಂದ ಕಂಪವಾತಕ್ಕೆ ಗಣನೀಯ ಗುಣವಿದೆಯೆಂದು 1967ರಲ್ಲಿ ಅಮೆರಿಕದ ಕೊಟ್ಜಿಯಾಸ್ ತೋರಿಸಿಕೊಟ್ಟರು. ಹಾಗೆಂದು ಬೀಜವನ್ನೇ ಅರೆದು ಕುಡಿಯುವುದು ತರವಲ್ಲ. ಅಳತೆ ತಪ್ಪಿದರೆ ಔಷಧವೂ ಅಪಾಯವೇ.

ಇನ್ನು ದೊಡ್ಡಪ್ಪನವರ ಮಧ್ಯಾಹ್ನದ ಗುಳಿಗೆ. ಶಿರಾ, ಮಧುಗಿರಿ, ಪಾವಗಡವೆಂದರೆ ಕಡಲೆಕಾಯಿಯ ಸೀಮೆ. ಮುದ್ದೆ, ಹುರುಳಿ ಸಾರು, ಮೇಲೊಂದು ಹಿಡಿ ಹುರಿದ ಕಡಲೆಕಾಯಿ; ಅದಾದ ಮೇಲೆ ಗುಳಿಗೆ. ಕಾಳು, ಕಡಲೆಕಾಯಿಗಳ ಪ್ರೋಟೀನು ಕರಗಿ ಅಮೈನೋ ಆಮ್ಲಗಳಾಗಿ, ಕರುಳಿನಲ್ಲೂ ಮಿದುಳಿನ ಗೋಡೆಯಲ್ಲೂ ಅದೇ ದಿಡ್ಡಿಯ ಮುಂದೆ ನೂಕುನುಗ್ಗಲು ಮಾಡುತ್ತವೆ. ಔಷಧ ಸರದಿಯಲ್ಲಿ ಹಿಂದೆ ಬೀಳುತ್ತದೆ.

ವೈದ್ಯರನ್ನು ಕೇಳಿದೆವು. ಗುಳಿಗೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲೇ ನುಂಗಿರಿ, ಕಾಳುಕಡಿಯ ಹೆಚ್ಚಿನ ಪಾಲು ರಾತ್ರಿಗಿರಲಿ, ಬಿಡುವುದು ಮಾತ್ರ ಬೇಡ ಎಂದರು. ರೋಗ ಹೋಗಿಲ್ಲ, ಹೋಗುವಂಥದ್ದೂ ಅಲ್ಲ. ಆದರೆ ಮಧ್ಯಾಹ್ನಗಳು ಹಗುರಾಗಿವೆ. ಮೊನ್ನೆ ಹೋದಾಗ ದೊಡ್ಡಪ್ಪ ಕಡಲೆಕಾಯನ್ನು ತಾವೇ ಸುಲಿದು ನನ್ನ ಅಂಗೈಗೆ ಹಾಕಿದರು. ಒಂದು ಬೀಜವೂ ಕೆಳಗೆ ಬೀಳಲಿಲ್ಲ.