ಅಟ್ಟದ ಮೇಲೊಂದು ವಿಮಾನ

ಫೋನಿನಲ್ಲಿ ಯಾರೂ ಪೂರ್ತಿ ನಿಜ ಹೇಳಲ್ಲ. ದುಬೈಗೆ ಬಂದ ಮೊದಲ ವರ್ಷವೇ ನನಗಿದು ಗೊತ್ತಾಗಿತ್ತು. ನಾವು ‘ಆರಾಮಿದ್ದೇನೆ’ ಅಂತೀವಿ, ಮನೆಯವರೂ ‘ಆರಾಮಿದ್ದೇವೆ’ ಅಂತಾರೆ. ನಮ್ಮಪ್ಪನ ಇಂಥದ್ದೊಂದು ಸುಳ್ಳನ್ನು ಹಿಡಿದುಕೊಟ್ಟದ್ದು ಥರ್ಮಾಕೋಲಿನ ಪುಟ್ಟ ವಿಮಾನ.

ನಮ್ಮ ಮನೆ ಕುಮಟಾ ಹತ್ತಿರ, ಅಘನಾಶಿನಿಯ ಗಜನಿ ಗದ್ದೆಗಳ ಅಂಚಿನಲ್ಲಿ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಆದರೆ ಗಲ್ಫ್ ವಿಮಾನ ಹತ್ತಿದವರು ಬೇಕಾದಷ್ಟು ಜನ ಸಿಗ್ತಾರೆ. ದೇರಾದಲ್ಲಿ ನನ್ನ ರೂಮ್‌ಮೇಟ್ ಭಟ್ಕಳದ ನವಾಯತ. ಅವನ ಅಬ್ಬಾ ದುಬೈನಲ್ಲೇ ಅಂಗಡಿ ಇಟ್ಟಿದ್ದವರು. ನಾನು ಸಾಫ್ಟ್‌ವೇರ್ ಕೆಲಸಕ್ಕೆ ಅಂತ 2018ರಲ್ಲಿ ಬಂದವನು.

ಹಾರಾಟ ನಿಂತ ದಿನ

ರಿಮೋಟ್ ವಿಮಾನ ಹಾರಿಸೋ ಹುಚ್ಚು ನನಗೆ ಎಂಜಿನಿಯರಿಂಗ್ ಓದುವಾಗಲೇ ಹತ್ತಿತ್ತು. ದುಬೈನಲ್ಲಿ ಶುಕ್ರವಾರ ಬೆಳಿಗ್ಗೆ ಮರುಭೂಮಿಗೆ ಹೋಗಿ ಒಂದು ಕ್ಲಬ್ಬಿನವರ ಜೊತೆ ಹಾರಿಸ್ತಿದ್ದೆ. ವಾರವಿಡೀ ಸ್ಕ್ರೀನ್ ನೋಡಿದ ಕಣ್ಣಿಗೆ ಆಕಾಶ ನೋಡೋದೇ ಒಂದು ರಜೆ.

2022ರ ಜನವರಿಯಲ್ಲಿ ಅಬುಧಾಬಿ ಮೇಲೆ ಡ್ರೋನ್ ದಾಳಿ ಆಯ್ತು. ಕೆಲವೇ ದಿನಗಳಲ್ಲಿ ಯುಎಇ ಸರ್ಕಾರ ಡ್ರೋನ್ ಮತ್ತು ಹಗುರ ಕ್ರೀಡಾ ವಿಮಾನಗಳ ಹವ್ಯಾಸಿ ಹಾರಾಟವನ್ನೆಲ್ಲ ನಿಲ್ಲಿಸಿತು. ನಮ್ಮ ಕ್ಲಬ್ಬೂ ಬಾಗಿಲು ಹಾಕ್ತು. ತಪ್ಪು ಅನ್ನೋ ಹಾಗಿರಲಿಲ್ಲ, ದೇಶದ ಭದ್ರತೆ. ಆದರೂ ಶೂ ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದ ರೆಕ್ಕೆ ನೋಡಿದಾಗೆಲ್ಲ ಹೊಟ್ಟೆ ಉರೀತಿತ್ತು.

ಆ ಡಿಸೆಂಬರಿನಲ್ಲಿ ಒಂದು ತಿಂಗಳ ರಜೆಗೆ ಊರಿಗೆ ಹೋದಾಗ, ‘ಇಲ್ಲಿಯೇ ಒಂದು ಮಾಡುವಾ’ ಅಂದದ್ದು ಅಪ್ಪ. ನಿವೃತ್ತ ಗಣಿತದ ಮಾಸ್ತರು. ಮಾತು ಕಡಿಮೆ. ಫೋನಿನಲ್ಲಿ ‘ಊಟ ಆಯ್ತಾ?’ ಅಂತ ಕೇಳಿ ಅಮ್ಮನಿಗೆ ಕೊಟ್ಟುಬಿಡ್ತಿದ್ದವರು.

ಗಣಪತಿ ಮಂಟಪ ಮಾಡಿ ಉಳಿದಿದ್ದ ಥರ್ಮಾಕೋಲ್ ಶೀಟು ಅಟ್ಟದಲ್ಲಿತ್ತು. ರೆಕ್ಕೆ ಬಾಗದಿರಲಿ ಅಂತ ಒಳಗೆ ಬಿದಿರಿನ ಕಡ್ಡಿ. ಮೋಟರು, ಸರ್ವೊ ಬೆಂಗಳೂರಿನಿಂದ ತರಿಸಿದ್ದು. ರೆಕ್ಕೆ ಒಂದು ಮೀಟರ್ ಉದ್ದ, ಒಟ್ಟು ತೂಕ 700 ಗ್ರಾಂ. ತೂಕ ಎಲ್ಲಿ ಸಮತೂಗಬೇಕು ಅಂತ ಲೆಕ್ಕ ಹಾಕಿದ್ದು ಅಪ್ಪನೇ. ರೆಕ್ಕೆಯ ಅಗಲ 20 ಸೆಂ.ಮೀ. ಇದ್ದರೆ ಮುಂದಿನ ಅಂಚಿನಿಂದ 5–6 ಸೆಂ.ಮೀ. ಹಿಂದೆ, ಎರಡು ಬೆರಳ ಮೇಲೆ ಇಟ್ಟಾಗ ವಿಮಾನ ಅಲ್ಲಾಡದೆ ನಿಲ್ಲಬೇಕು. ಬಾಲ ಭಾರವಾದರೆ ಕತೆ ಮುಗೀತು.

ರೆಕ್ಕೆಯ ಮೇಲ್ಭಾಗ ಹಳದಿ, ಕೆಳಭಾಗ ಕೆಂಪು. ಇದು ಚಂದಕ್ಕಲ್ಲ. ವಿಮಾನ ನಮ್ಮ ಕಡೆಗೆ ಬರುವಾಗ ಎಡ ಬಲ ಅದಲುಬದಲಾಗುತ್ತೆ. ಯಾವ ಬಣ್ಣ ಎಷ್ಟು ಕಾಣ್ತಿದೆ ಅನ್ನೋದರ ಮೇಲೆ ಅದು ಎತ್ತ ವಾಲಿದೆ ಅಂತ ತಿಳೀಬೇಕು.

ಬೆಳಗಿನ ನೆಲಗಾಳಿ

ಚಳಿಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಘಟ್ಟದ ಕಡೆಯಿಂದ ತೆಳ್ಳಗೆ ನೆಲಗಾಳಿ ಬೀಸುತ್ತೆ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಜೋರಾಗುತ್ತೆ. ಹಾಗಾಗಿ ಆರೂವರೆಯಿಂದ ಎಂಟೂವರೆ ನಮ್ಮ ಹೊತ್ತು. ಕೊಯ್ಲಾದ ಗದ್ದೆಯೇ ರನ್‌ವೇ. ಕೈಯಲ್ಲಿ ಎಸೆದರೆ ಸಾಕು, ಒಂದು ಬ್ಯಾಟರಿಗೆ ಸುಮಾರು ಹತ್ತು ನಿಮಿಷ ಹಾರುತ್ತೆ. ಗರುಡ ಪಕ್ಷಿಗಳು ಹತ್ತಿರ ಬಂದು ವಿಚಾರಿಸಿಕೊಂಡು ಹೋಗ್ತಿದ್ದವು.

ರಜೆ ಮುಗಿಯುವಷ್ಟರಲ್ಲಿ ಅಪ್ಪ ಸಲೀಸಾಗಿ ಹಾರಿಸಿ ಇಳಿಸ್ತಿದ್ದರು. ವಿಮಾನ ಅಟ್ಟ ಸೇರಿತು. ಬ್ಯಾಟರಿ ತುಂಬ ಚಾರ್ಜ್ ಮಾಡಿಟ್ಟರೆ ಉಬ್ಬಿ ಹಾಳಾಗುತ್ತೆ, ಒಂದೊಂದು ಸೆಲ್ 3.8 ವೋಲ್ಟ್ ಹತ್ತಿರ ಇರಬೇಕು. ಅದನ್ನು ತಿಂಗಳಿಗೊಮ್ಮೆ ನೋಡೋ ಕೆಲಸ ಅಪ್ಪನಿಗೆ. ಎರಡು ನಿಮಿಷದ ಫೋನು ಅರ್ಧ ಗಂಟೆ ಆಯ್ತು. ವೋಲ್ಟ್ ಹೇಳ್ತಾ ಹೇಳ್ತಾ ಗದ್ದೆ, ಅಡಿಕೆ ರೇಟು, ಅಮ್ಮನ ಮೊಣಕಾಲು ಎಲ್ಲಾ ಬರ್ತಿತ್ತು. ತಮ್ಮ ಕಣ್ಣೊಂದು ಬಿಟ್ಟು.

ಇಲಿ ಕಡಿದ ಫ್ಯಾನು

2023ರ ನವೆಂಬರಿನಲ್ಲಿ ಫೋನ್ ಬಂತು. ‘ತಮಾ, ಎರಡು ಫ್ಯಾನು ಕಳ್ಸು. ಇದ್ದದ್ದನ್ನ ಇಲಿ ಕಡಿದು ಹಾಕಿದೆ.’ ಪ್ರೊಪೆಲ್ಲರಿಗೆ ಅವರು ಹಾಗೇ ಅನ್ನೋದು.

ಆಗಷ್ಟೇ ರೂಮ್‌ಮೇಟ್ ರಜೆಗೆ ಹೊರಟಿದ್ದ. ಗಲ್ಫಿನಲ್ಲಿ ಊರಿಗೆ ಹೋಗುವವನ ಬ್ಯಾಗಿನಲ್ಲಿ ಅವನದ್ದಕ್ಕಿಂತ ಬೇರೆಯವರ ಸಾಮಾನೇ ಹೆಚ್ಚು. ಅವನು ಪ್ರೊಪೆಲ್ಲರ್ ಭಟ್ಕಳಕ್ಕೆ ಒಯ್ದು, ಅಲ್ಲಿಂದ ಬೈಕಿನಲ್ಲಿ ಹೊನ್ನಾವರಕ್ಕೆ ಬಂದ. ಅಪ್ಪ ಕುಮಟಾದಿಂದ ಬಸ್ಸಿನಲ್ಲಿ ಹೋಗಿ ತಗೊಂಡರು. ‘ಚಾ ಕುಡಿಸಿದ್ರು ಮಾರಾಯ, ದುಡ್ಡು ಎಣಿಸುವಾಗ ನೂರರ ನೋಟನ್ನ ಕಣ್ಣಿನ ಹತ್ರ ಹಿಡಿದು ನೋಡ್ತಿದ್ರು’ ಅಂದ ಅವನು ಆಮೇಲೆ. ನಾನು ನಕ್ಕು ಬಿಟ್ಟೆ.

ಡಿಸೆಂಬರಿನಲ್ಲಿ ಊರಿಗೆ ಹೋಗಿ ಅಟ್ಟದಿಂದ ವಿಮಾನ ಇಳಿಸಿ ಎರಡು ಬೆರಳ ಮೇಲೆ ಇಟ್ಟೆ. ಬಾಲ ದಪ್ಪನೆ ಕೆಳಗೆ ಬಿತ್ತು. ಹಿಂಭಾಗದ ತುಂಬ ಗೋಂದು, ಮೇಲೆ ಪ್ಯಾಕಿಂಗ್ ಟೇಪು. ಮೋಟರಿನ ತಂತಿಗಳ ತುದಿಯಲ್ಲಿ ಹಸಿರು ಕಿಲುಬು. ಅಟ್ಟದಲ್ಲಿ ಒಂದೇ ತಿಂಗಳಿಗೆ ಅಷ್ಟು ಕಿಲುಬು ಹಿಡಿಯಲ್ಲ. ಅದು ಉಪ್ಪುನೀರು.

ನಮ್ಮ ಗಜನಿಯಲ್ಲಿ ಕಗ್ಗ ಭತ್ತದ ಕೊಯ್ಲಾದ ಮೇಲೆ ಸೀಗಡಿಗೆ ಅಂತ ಹೊಳೆಯ ಉಪ್ಪುನೀರು ಬಿಡ್ತಾರೆ. ವಿಮಾನ ಅಲ್ಲಿ ಬಿದ್ದಿತ್ತು.

‘ಅಪ್ಪಾ, ಇಲಿಗೆ ಈಜು ಬರ್ತದಾ?’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಬಣ್ಣ ಗೊತ್ತಾಗ್ಲಿಲ್ಲ ತಮಾ. ಕೆಂಪೂ ಹಳದಿಯೂ ಎರಡೂ ಬೂದಿ ಹಾಗೆ ಕಂಡ್ತು. ಬಿಸಿಲಿಗೆ ಕಣ್ಣು ಕುಕ್ತದೆ.’

ಎಷ್ಟು ದಿನದಿಂದ? ‘ಮಳೆಗಾಲದ ಮೊದಲಿಂದ.’ ಅಮ್ಮನಿಗೂ ಹೇಳಿರಲಿಲ್ಲ. ‘ನೀನು ಅಲ್ಲಿ ಕೂತು ಎಂತ ಮಾಡ್ತೆ, ಸುಮ್ನೆ ತಲೆಬಿಸಿ’ ಅಂದರು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪ್ರತಿ ವಾರ ವಿಡಿಯೋ ಕಾಲಿನಲ್ಲಿ ಆ ಕಣ್ಣುಗಳನ್ನೇ ನೋಡ್ತಿದ್ದೆ ನಾನು. ಅವರು ಆ ಕಣ್ಣಲ್ಲೇ ಬೈಕ್ ಓಡಿಸಿಕೊಂಡು ಹೆದ್ದಾರಿ ದಾಟ್ತಿದ್ದರು. ಗಜನಿಗೆ ಬಿದ್ದದ್ದು ವಿಮಾನ ಮಾತ್ರ ಅನ್ನೋದೇ ನಮ್ಮ ಪುಣ್ಯ.

ನಾನು ವಾಪಸ್ ಹೊರಡುವ ಮೊದಲು ಒಂದು ಕಣ್ಣಿನ ಆಪರೇಷನ್ ಆಯ್ತು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬಂದೆವು. ಇನ್ನೊಂದು ಕಣ್ಣಿಗೆ ಫೆಬ್ರವರಿಯಲ್ಲಿ ಅಮ್ಮ ಜೊತೆಗೆ ಹೋದರು.

ನೀವೂ ಹಾರಿಸೋದಾದರೆ

ನಮ್ಮಲ್ಲಿ 2021ರ ಡ್ರೋನ್ ನಿಯಮಗಳು ಇಂಥ ಮಾದರಿ ವಿಮಾನಗಳಿಗೂ ಅನ್ವಯ. 250 ಗ್ರಾಂನಿಂದ 2 ಕೆ.ಜಿ. ಒಳಗಿನದನ್ನು ವ್ಯಾಪಾರಕ್ಕಲ್ಲದೆ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಡ. ಆದರೆ ಹಾರಿಸುವ ಮೊದಲು ಡಿಜಿಟಲ್ ಸ್ಕೈ ನಕ್ಷೆ ನೋಡಿ. ಹಸಿರು ವಲಯದಲ್ಲಿ 400 ಅಡಿ ಒಳಗೆ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಲಿ. ವಿದೇಶದಿಂದ ಸಿದ್ಧ ಡ್ರೋನ್ ತರೋದಕ್ಕೆ 2022ರ ಫೆಬ್ರವರಿಯಿಂದ ನಿಷೇಧ ಇದೆ, ಬಿಡಿಭಾಗಗಳಿಗೆ ಇಲ್ಲ. ಬಿಡಿ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಹಾಕಬಾರದು. ಯುಎಇಯಲ್ಲಿ 2025ರ ಜನವರಿಯಲ್ಲಿ ಹವ್ಯಾಸಿಗಳ ಮೇಲಿನ ನಿಷೇಧ ಹಂತಹಂತವಾಗಿ ಸಡಿಲವಾಗತೊಡಗಿತ್ತು. ಅಲ್ಲಿರುವವರು ನೋಂದಣಿ ಮಾಡಿಸದೆ ಹಾರಿಸಬೇಡಿ.

ವಿಮಾನವೇ ಆಗಬೇಕು ಅಂತೇನಿಲ್ಲ. ಊರಿನಲ್ಲಿ ಅಪ್ಪ ಅಮ್ಮನ ಜೊತೆ ಸೇರಿ ಮಾಡುವ ಒಂದು ಕೆಲಸ ಇಟ್ಟುಕೊಳ್ಳಿ. ‘ಆರಾಮಾ?’ ಅಂದರೆ ‘ಆರಾಮು’ ಅಂತ ಹೇಳಿಬಿಡ್ತಾರೆ. ಕೈಯಲ್ಲಿನ ಕೆಲಸ ಅಷ್ಟು ಸುಲಭಕ್ಕೆ ಸುಳ್ಳು ಹೇಳಲ್ಲ.

ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ, ಏಪ್ರಿಲಿನ ಒಂದು ಬೆಳಿಗ್ಗೆ ವಿಡಿಯೋ ಕಾಲ್ ಬಂತು. ಫೋನು ಹಿಡಿದವರು ಅಮ್ಮ. ಪರದೆ ತುಂಬ ಬರೀ ಆಕಾಶ, ಎಲ್ಲೋ ಮೋಟರಿನ ಸದ್ದು.

‘ಕಾಣ್ತದಾ ನಿಂಗೆ?’ ಅಪ್ಪ ಕೂಗಿ ಕೇಳಿದರು.

‘ಇಲ್ಲ ಅಪ್ಪಾ.’

‘ನಂಗೆ ಕಾಣ್ತದೆ. ಈಗ ಎಡಕ್ಕೆ ತಿರುಗ್ತು ನೋಡು, ಕೆಂಪು!’