ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ, ಐದು ವಾರದ ಕಾಯುವಿಕೆ

ಹೋದ ನವೆಂಬರ್. ಬೆಲ್ಜಿಯಂನ ಗೆಂಟ್ ಹತ್ತಿರದ ಹೊಲವೊಂದರಲ್ಲಿ ಹವ್ಯಾಸಿಗಳ ಸೈಕ್ಲೋಕ್ರಾಸ್ ರೇಸು. ಮೂರನೇ ಸುತ್ತಿನಲ್ಲಿ ಹಿಂದಿನ ಗೇರಿಗೆ ಹುಲ್ಲು, ಕೆಸರು ಸುತ್ತಿಕೊಂಡು ಕಟ್ ಅಂತ ಸದ್ದಾಯ್ತು. ಡಿರೇಲರ್ ಹಿಡಿದಿಡುವ ಹ್ಯಾಂಗರ್ ಮುರಿದಿತ್ತು. ರೇಸು ಹೋದ್ರೆ ಹೋಗ್ಲಿ, ಆ ಸಣ್ಣ ತುಂಡು ಸಿಗದೆ ಮುಂದಿನ ಐದು ವಾರ ನಾನು ಬೇಲಿಯಾಚೆ ನಿಂತು ನೋಡಬೇಕಾಯ್ತು.

ಸೈಕ್ಲೋಕ್ರಾಸ್ ಅಂದ್ರೆ ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಮಳೆ-ಚಳಿಯಲ್ಲೇ ಕೆಸರು, ಮರಳು, ಮೆಟ್ಟಿಲುಗಳ ಮೇಲೆ ನಡೆಯುವ ಆಟ. ದೊಡ್ಡ ರೈಡರ್‌ಗಳು ಪಿಟ್‌ನಲ್ಲಿ ಬೈಕ್ ಬದಲಿಸ್ತಾ ಹೋಗ್ತಾರೆ. ಒಂದನ್ನು ಓಡಿಸುವಾಗ ಇನ್ನೊಂದನ್ನು ಮೆಕ್ಯಾನಿಕ್ ತೊಳೆದು ಇಟ್ಟಿರ್ತಾರೆ. ಒಂದೇ ಬೈಕ್ ಇರುವ ನನ್ನಂಥವರು ಅದೇ ಕೆಸರಿನ ಬೆಲೆಯನ್ನು ಜೇಬಿನಿಂದ ಕಟ್ಟಬೇಕು.

ಹಾಗಾಗಿ ನಾನು ಕಲಿತದ್ದು ಇಷ್ಟು. ರೇಸ್ ಮುಗಿದ ಕೂಡಲೇ, ಕೆಸರು ಒಣಗೋ ಮೊದಲು ತೊಳೆಯಿರಿ. ಪ್ರೆಷರ್ ವಾಷರನ್ನು ಬೇರಿಂಗ್‌ಗಳ ಕಡೆ ನೇರ ಹಿಡಿಯಬೇಡಿ. ನೀರು ಸೀಲ್ ದಾಟಿ ಗ್ರೀಸನ್ನು ಹಾಳುಮಾಡುತ್ತೆ. ಬಕೆಟ್ಟು, ಬ್ರಷ್ಷು ಸಾಕು. ಚೈನಿನ ಎಣ್ಣೆಗೆ ಮರಳು ಸೇರಿದರೆ ಅದು ಉಜ್ಜುವ ಪೇಸ್ಟ್ ಆಗಿ ಪಿನ್ನುಗಳನ್ನು ಸವೆಸುತ್ತೆ. 11-12 ಸ್ಪೀಡ್ ಚೈನನ್ನು ಶೇ. 0.5ರಷ್ಟು ಸವೆದಾಗಲೇ ಬದಲಿಸಿದರೆ ಒಂದು ಚೈನಿನ ಖರ್ಚು. ಬಿಟ್ಟರೆ ಹಲ್ಲುಚಕ್ರಗಳನ್ನೂ ತಿಂದುಹಾಕುತ್ತೆ. ಅಳೆಯುವ ಗೇಜ್ ಅಗ್ಗ. ಬ್ರೇಕ್ ಪ್ಯಾಡ್ ಪ್ರತಿ ಸಲ ನೋಡಿ. ಆರ್ಗಾನಿಕ್ ಪ್ಯಾಡು ಮರಳು-ನೀರಿನಲ್ಲಿ ಒಂದೇ ರೇಸಿಗೆ ಮುಗಿದುಹೋಗಬಹುದು. ಲೋಹದ ಪುಡಿಯಿಂದ ಮಾಡಿದ್ದು ಹೆಚ್ಚು ಬಾಳುತ್ತೆ.

ಇದೆಲ್ಲ ನಮ್ಮ ಕೈಯಲ್ಲಿದೆ, ಹ್ಯಾಂಗರ್ ಇಲ್ಲ. ಪೆಟ್ಟು ಬಿದ್ದಾಗ ತಾನು ಮುರಿದು ದುಬಾರಿ ಫ್ರೇಮನ್ನು ಉಳಿಸಲೆಂದೇ ಅದನ್ನು ಮೆತ್ತಗೆ ಮಾಡಿರ್ತಾರೆ. ಯೋಚನೆ ಜಾಣತನದ್ದೇ. ಆದರೆ ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ನೂರಾರು ಬಗೆ. ‘ಆ ಮಾಡೆಲ್ ನಿಲ್ಲಿಸಿದ್ದೇವೆ’ ಅಂತ ಕಂಪನಿ ಕೈತೊಳೆದುಕೊಂಡಿತು. ಕೊನೆಗೆ ಸಣ್ಣ ವರ್ಕ್‌ಶಾಪೊಂದು ಅಳತೆ ನೋಡಿ ಮಾಡಿಕೊಟ್ಟಿತು.

ಆಗ ತಿಪಟೂರಿನ ನಮ್ಮ ಬೀದಿಯ ಸೈಕಲ್ ಶಾಪ್ ನೆನಪಾಯ್ತು. ಹೀರೋ ಆಗಲಿ, ಅಟ್ಲಾಸ್ ಆಗಲಿ, ಕರಿ ಸೈಕಲ್ ತಳ್ಕೊಂಡು ಹೋದರೆ ಒಂದೇ ಡಬ್ಬದಿಂದ ಪಾರ್ಟ್ ತೆಗೆದು ಹಾಕಿಕೊಡ್ತಿದ್ರು. ಅವರ ಕೈಚಳಕ ದೊಡ್ಡದು. ಅದಕ್ಕೆ ಬೆಲೆ ಬಂದದ್ದು ಎಲ್ಲ ಕಂಪನಿಗಳ ಅಳತೆ ಹೆಚ್ಚುಕಮ್ಮಿ ಒಂದೇ ಇದ್ದದ್ದರಿಂದ.

2019ರಲ್ಲಿ ಸ್ರಾಮ್ ಕಂಪನಿ ಬೇರೆ ಫ್ರೇಮ್ ತಯಾರಕರೂ ಬಳಸಬಹುದಾದ ‘ಯೂನಿವರ್ಸಲ್ ಹ್ಯಾಂಗರ್’ ತಂದಿತು. ಒಳ್ಳೆಯದೇ. 2023ರಲ್ಲಿ ಅದೇ ಕಂಪನಿ, ಆ ಅಳತೆಯ ಫ್ರೇಮಿಗೆ ಮಾತ್ರ ಕೂರುವ ಹೊಸ ದುಬಾರಿ ಗೇರ್ ಸೆಟ್ಟನ್ನೂ ಮಾರಾಟಕ್ಕಿಟ್ಟಿತು. ಅಳತೆಯನ್ನು ಮಾರುಕಟ್ಟೆಯೇ ಬರೆದರೆ ಅದರ ಲಾಭವೂ ಮಾರುಕಟ್ಟೆಗೇ.

ಕಾನೂನು? ಐರೋಪ್ಯ ಒಕ್ಕೂಟದ 2024ರ ರಿಪೇರಿ ಹಕ್ಕಿನ ನಿರ್ದೇಶನದಲ್ಲಿ ವಾಷಿಂಗ್ ಮಷಿನ್, ಫ್ರಿಡ್ಜ್, ಮೊಬೈಲ್ ಇವೆ. ಬ್ಯಾಟರಿ ಇಲ್ಲದ ಮಾಮೂಲಿ ಸೈಕಲ್ ಇಲ್ಲ. ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಈ ಹಕ್ಕಿಗಾಗಿ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ವಾಹನಗಳ ಮಾತು ಬಂತು. ಬಿತ್ತನೆ ಹೊತ್ತಲ್ಲಿ ಪಾರ್ಟ್ ಸಿಗದೆ ಟ್ರ್ಯಾಕ್ಟರ್ ನಿಂತರೆ ರೈತರಿಗೆ ಹೋಗೋದು ರೇಸಲ್ಲ, ಹಂಗಾಮು.

ಬೈಕ್ ಕೊಳ್ಳುವ ದಿನವೇ ಎರಡು ಹ್ಯಾಂಗರ್ ಕೊಂಡಿಡಿ. ಬಿಡಿಭಾಗ ಎಷ್ಟು ವರ್ಷ ಸಿಗುತ್ತೆ ಅಂತ ಅಂಗಡಿಯಲ್ಲಿ ಕೇಳಿ. ಅದೇ ಪ್ರಶ್ನೆಯನ್ನು ವೋಟು ಕೇಳಲು ಬಂದವರಿಗೂ ಕೇಳಿ.