ಬೀಗ ಬಿದ್ದ ಚರ್ಚು, ಕಳಚದ ವಿಶ್ವಾಸ

2020ರ ಏಪ್ರಿಲ್ 8, ಪವಿತ್ರ ವಾರದ ಬುಧವಾರ. ದುಬೈಯ ಅಲ್ ಕೂಜ್ ಪ್ರದೇಶದ ಕಾರ್ಮಿಕರ ವಸತಿಯೊಂದರಲ್ಲಿ ಉಡುಪಿ ಕಡೆಯ ಎ.ಸಿ. ಮೆಕ್ಯಾನಿಕ್ ಒಬ್ಬರು ತಮ್ಮ ತಾಯಿಯ ಅಂತ್ಯಸಂಸ್ಕಾರವನ್ನು ಮೊಬೈಲಿನಲ್ಲಿ ನೋಡುತ್ತಿದ್ದರು. ಇಲ್ಲಿ ವಾಟ್ಸಾಪ್ ವಿಡಿಯೊ ಕರೆ ನಡೆಯುವುದಿಲ್ಲವಾದ್ದರಿಂದ ಊರಿನಲ್ಲಿದ್ದ ತಮ್ಮ ಬೋಟಿಮ್ ಆ್ಯಪ್ ಮೂಲಕ ತೋರಿಸುತ್ತಿದ್ದ. ಲಾಕ್‌ಡೌನ್ ನಿಯಮದಂತೆ ಇಪ್ಪತ್ತು ಜನರಿಗಷ್ಟೇ ಅವಕಾಶ. ಸಭಾಪಾಲಕರು ಪ್ರಾರ್ಥನೆ ಮುಗಿಸಿ, ಮಣ್ಣು ಹಾಕುವ ಹೊತ್ತಿಗೆ ಸಂಪರ್ಕ ಕಡಿಯಿತು. ಮತ್ತೆ ಸಿಕ್ಕಾಗ ಎಲ್ಲರೂ ಕೈ ತೊಳೆಯುತ್ತಿದ್ದರು.

ಭಾರತಕ್ಕೆ ಅಂತರರಾಷ್ಟ್ರೀಯ ವಿಮಾನಗಳು ಮಾರ್ಚ್ ಕೊನೆಯ ವಾರದಲ್ಲೇ ನಿಂತಿದ್ದವು. ಮಾರ್ಚ್ ಮಧ್ಯಭಾಗದಲ್ಲಿ ಯುಎಇಯ ಮಸೀದಿ, ಚರ್ಚು, ದೇವಾಲಯಗಳೆಲ್ಲ ಮುಚ್ಚಿದ್ದವು. ಅವರ ಕಂಪನಿಯಿಂದ ಸಂಬಳ ಬಂದು ಎರಡು ತಿಂಗಳಾಗಿತ್ತು. ಊರಿಗೆ ಹೋಗುವಂತಿಲ್ಲ, ಕೆಲಸವಿಲ್ಲ, ಅಳುವುದಕ್ಕೊಂದು ಚರ್ಚಿನ ಬೆಂಚೂ ಇಲ್ಲ.

ಆ ಬೆಂಚಿನ ಬೆಲೆ ಏನೆಂದು ಊರಿನವರಿಗೆ ಸುಲಭವಾಗಿ ತಿಳಿಯಲಾರದು. ದುಬೈಯ ಊದ್ ಮೇಥಾದಲ್ಲಿ ಸಂತ ಮೇರಿಯವರ ಕ್ಯಾಥೊಲಿಕ್ ಚರ್ಚು 1967ರಿಂದ ಇದೆ. ಅದರ ಜಮೀನನ್ನು ಕೊಟ್ಟವರು ಅಂದಿನ ದುಬೈ ದೊರೆ ಶೇಖ್ ರಶೀದ್. ಅದೇ ಬಡಾವಣೆಯಲ್ಲಿರುವ ಹೋಲಿ ಟ್ರಿನಿಟಿ ಚರ್ಚಿನ ಆವರಣದಲ್ಲಿ ಹತ್ತಾರು ಭಾಷೆಗಳ ಪ್ರೊಟೆಸ್ಟೆಂಟ್ ಸಭೆಗಳು ಸರದಿಯಂತೆ ಸೇರುತ್ತವೆ. ಒಂದು ಸಭೆ ಹೊರಬರುವಾಗ ಇನ್ನೊಂದು ಬಾಗಿಲಲ್ಲಿ ಕಾದಿರುತ್ತದೆ. ಮನೆಯಲ್ಲಿ ತುಳು ಆಡಿ, ಕನ್ನಡದಲ್ಲಿ ಪ್ರಾರ್ಥಿಸುವ ನಮ್ಮ ಕರಾವಳಿಯ ಪ್ರೊಟೆಸ್ಟೆಂಟರಿಗೆ ವಾರಕ್ಕೊಮ್ಮೆ ಕನ್ನಡ ಹಾಡು ಕೇಳುವುದೆಂದರೆ ತವರಿಗೆ ಹೋಗಿಬಂದಂತೆ. ಆ ಹಾಡುಗಳಲ್ಲಿ ಹಲವಕ್ಕೆ ಜರ್ಮನ್ ರಾಗ, ಕನ್ನಡದ ಪದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಬಿಟ್ಟುಹೋದ ಆಸ್ತಿ ಅದು. ಮತಾಂತರದ ನಂತರ ಮನೆ, ಕುಲಕಸುಬು ಎರಡನ್ನೂ ಕಳೆದುಕೊಂಡವರಿಗಾಗಿ ಆ ಮಿಷನ್ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ತೆರೆಯಿತು ಎಂಬುದನ್ನು ನೆನೆದರೆ, ಪ್ರಾರ್ಥನೆಯೂ ಕೂಲಿಯ ಪ್ರಶ್ನೆಯೂ ಈ ಸಮುದಾಯದಲ್ಲಿ ಮೊದಲಿನಿಂದ ಬೇರೆಬೇರೆಯಾಗಿರಲಿಲ್ಲ ಎನಿಸುತ್ತದೆ.

ಅಂದು ರಾತ್ರಿ ಕನ್ನಡ ಸಭೆಯ ಒಂಬತ್ತು ಮಂದಿ ಆನ್‌ಲೈನಿನಲ್ಲಿ ಸೇರಿದೆವು. ಒಬ್ಬೊಬ್ಬರ ದನಿ ಅರೆ ಕ್ಷಣ ತಡವಾಗಿ ಬರುತ್ತಿದ್ದುದರಿಂದ ಹಾಡು ಯಾವ ರಾಗಕ್ಕೂ ಒಗ್ಗಲಿಲ್ಲ. ಯಾರೋ ಒಬ್ಬರು "ದೇವರ ಚಿತ್ತ, ಸಮಾಧಾನ ಮಾಡಿಕೊಳ್ಳಿ" ಎಂದರು. ಆತ ಫೋನು ಇಟ್ಟುಬಿಟ್ಟರು. ನನಗೆ ಅವರ ಮೇಲೆ ತಪ್ಪೆನಿಸಲಿಲ್ಲ. ದುಃಖದ ಮೊದಲ ಗಂಟೆಯಲ್ಲಿ ಇಂಥ ಮಾತು ಸಾಂತ್ವನವಲ್ಲ, ಬಾಯಿ ಮುಚ್ಚಿಸುವ ಉಪಾಯ. ಯೋಬನ ಗ್ರಂಥದಲ್ಲಿ ಗೆಳೆಯರು ಏಳು ದಿನ ಮೌನವಾಗಿ ಕುಳಿತಿದ್ದರು. ಬಾಯಿ ತೆರೆದ ಮೇಲೆಯೇ ಅವರು ತಪ್ಪಿದ್ದು. ಕೀರ್ತನೆಗಳ ಗ್ರಂಥದಲ್ಲಂತೂ ದೇವರ ಮೇಲೆಯೇ ದೂರುಗಳು ತುಂಬಿವೆ.

ಮರುದಿನ ಅವರಿಗೆ ಕರೆ ಮಾಡಿದವರು ಸಭೆಯ ಹಿರಿಯರೊಬ್ಬರು. "ತಮ್ಮಾ, ನನ್ನ ಹತ್ತಿರ ಉತ್ತರ ಇಲ್ಲ. ನಿನ್ನ ಕೆಲಸದ ಒಪ್ಪಂದದ ಪ್ರತಿ ಕಳುಹಿಸು" ಎಂದಷ್ಟೇ ಹೇಳಿದರಂತೆ. ಇಲ್ಲಿ ಸಂಬಳವನ್ನು ಬ್ಯಾಂಕು ಅಥವಾ ಅಧಿಕೃತ ಹಣ ವಿನಿಮಯ ಸಂಸ್ಥೆಯ ಮೂಲಕವೇ ಕೊಡಬೇಕೆಂಬ ವ್ಯವಸ್ಥೆ 2009ರಿಂದ ಇದೆ. ಬಾರದ ಸಂಬಳಕ್ಕೆ ಆ ದಾಖಲೆಯೇ ಸಾಕ್ಷಿ. ಕಾರ್ಮಿಕ ಸಚಿವಾಲಯಕ್ಕೆ ದೂರು ಹೋಯಿತು. ಹಿರಿಯರ ಮನೆಯಿಂದ ವಾರಕ್ಕೆರಡು ಸಲ ಕುಚ್ಚಲಕ್ಕಿ, ಬೇಳೆ, ಒಣಮೀನು ವಸತಿಯ ಗೇಟಿಗೆ ಬರುತ್ತಿತ್ತು. ಆ ಕೊಠಡಿಯ ಇತರ ಐವರು ಕ್ರೈಸ್ತರಲ್ಲ. ಪಾಲು ಆರಾಗಿಯೇ ಬರುತ್ತಿತ್ತು.

ಮೇ 12ರಂದು ವಂದೇ ಭಾರತ್ ಕಾರ್ಯಾಚರಣೆಯ ಮೊದಲ ವಿಮಾನ ದುಬೈಯಿಂದ ಮಂಗಳೂರಿಗೆ ಹೊರಟಿತು. ಗರ್ಭಿಣಿಯರು, ರೋಗಿಗಳು, ಹಿರಿಯರಿಗೆ ಆದ್ಯತೆ. ಇವರ ಹೆಸರು ಬರಲಿಲ್ಲ. ಆ ತಿಂಗಳಲ್ಲಿ ತಾನು ಒಂದು ದಿನವೂ ಪ್ರಾರ್ಥಿಸಲಿಲ್ಲವೆಂದು ಅವರೇ ಮುಂದೆ ನನಗೆ ಹೇಳಿದರು. "ನನ್ನ ಪರವಾಗಿ ಬೇರೆಯವರು ಮಾಡುತ್ತಿದ್ದರಲ್ಲ, ಅಷ್ಟೇ ಸಾಕಾಯಿತು" ಎಂದರು. ವಿಶ್ವಾಸದಲ್ಲಿ ತಾಳಿಕೊಳ್ಳುವುದೆಂದರೆ ಒಬ್ಬನೇ ಹಲ್ಲು ಕಚ್ಚಿ ನಿಲ್ಲುವುದು ಎಂದುಕೊಂಡಿದ್ದ ನನಗೆ ಈ ಮಾತು ಹೊಸದು.

ಗಲ್ಫಿಗೆ ಹೊರಡುವ ತಯಾರಿಯಲ್ಲಿರುವವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಕಾಣಿಕೆ ಕೊಟ್ಟರೆ, ಉಪವಾಸ ಮಾಡಿದರೆ ವೀಸಾ ಖಚಿತವೆಂದು ಭರವಸೆ ಕೊಡುವ ಬೋಧಕರು ಊರಿನಲ್ಲೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಅವರ ಮಾತು ನಂಬಿ ಸಾಲ ಮಾಡಿದವರನ್ನು ಕಂಡಿದ್ದೇನೆ. ಒಪ್ಪಂದವನ್ನು ಓದಿಯೇ ಸಹಿ ಹಾಕಿ, ಒಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟು ಬನ್ನಿ. ತೀರಾ ಸಂಕಟದಲ್ಲಿ ಸಿಲುಕಿದವರಿಗಾಗಿ ಭಾರತೀಯ ದೂತಾವಾಸಗಳಲ್ಲಿ ಸಮುದಾಯ ಕಲ್ಯಾಣ ನಿಧಿಯಿದೆ ಎಂಬುದೂ ತಿಳಿದಿರಲಿ.

ಬಾಕಿ ಸಂಬಳದಲ್ಲಿ ಅರ್ಧದಷ್ಟು ಕೈಸೇರಿತು, ಉಳಿದದ್ದು ಹೋಯಿತು. ಮರುವರ್ಷ ಊರಿಗೆ ಹೋದವರು ಸಮಾಧಿಯ ಮುಂದೆ ನಿಂತಾಗ ಏನೂ ಹೇಳಲು ತೋಚದೆ, ಸುತ್ತಲಿನ ಹುಲ್ಲು ಕಿತ್ತು ಬಂದರಂತೆ.

ಈಗ ಬೇರೊಂದು ಕಂಪನಿಯಲ್ಲಿದ್ದಾರೆ. 2022ರಲ್ಲಿ ಇಲ್ಲಿನ ವಾರಾಂತ್ಯ ಶನಿವಾರ, ಭಾನುವಾರಕ್ಕೆ ಬದಲಾದ ಮೇಲೆ ಅವರಿಗೂ ಭಾನುವಾರದ ಬಿಡುವು. ಆರಾಧನೆ ಮುಗಿಸಿ ಹಿರಿಯರ ಜೊತೆ ಕಾರ್ಮಿಕರ ವಸತಿಗಳಿಗೆ ಹೋಗುತ್ತಾರೆ. ಹೊಸಬರು ಸಿಕ್ಕರೆ ಊರು ಯಾವುದೆಂದು ಕೇಳುತ್ತಾರೆ. ಮುಂದಿನ ಪ್ರಶ್ನೆ, ಒಪ್ಪಂದದ ಪ್ರತಿ ಎಲ್ಲಿದೆ ಎಂದು.